ಒತ್ತಿದ ಕೀ ಎಲ್ಲಿ ಹೋಯ್ತು?

ಪ್ರಶ್ನೆ: ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ತಿಂಗಳ ಹಿಂದೆ ಹೊಸ ಲ್ಯಾಪ್‌ಟಾಪ್ ಬಂತು, ವಿಂಡೋಸ್ 11 ಇದೆ. ಎಕ್ಸೆಲ್‌ನಲ್ಲಿ ಮುಚ್ಚಿಟ್ಟ ಕಾಲಂ ತೆರೆಯಲು ಕಂಟ್ರೋಲ್-ಶಿಫ್ಟ್-0 ಒತ್ತಿದರೆ ಏನೂ ಆಗುವುದಿಲ್ಲ. ಎಫ್2 ಒತ್ತಿದರೆ ಸೆಲ್ ತೆರೆಯುವ ಬದಲು ಸೌಂಡ್ ಕಡಿಮೆಯಾಗುತ್ತದೆ. ಕೆಲವು ದಿನ ಬಾಣದ ಕೀ ಒತ್ತಿದರೆ ಇಡೀ ಹಾಳೆಯೇ ಸರಿಯುತ್ತದೆ. ಇಂಗ್ಲಿಷ್ ಟೈಪ್ ಮಾಡುತ್ತಿದ್ದ ಹಾಗೇ ಕನ್ನಡ ಬರಲು ಶುರುವಾಗುತ್ತದೆ. ಕನ್ನಡ ಟೈಪ್ ಮಾಡಲು ನುಡಿ ತಂತ್ರಾಂಶ ಹಾಕಿಕೊಂಡಿದ್ದೇನೆ, ವಿಂಡೋಸ್‌ನ ಕನ್ನಡ ಕೀಬೋರ್ಡನ್ನೂ ಸೇರಿಸಿದ್ದೇನೆ. ಆಫೀಸ್ ತೆಗೆದು ಎರಡು ಸಲ ಹೊಸದಾಗಿ ಹಾಕಿಸಿದ್ದಾಯ್ತು. ಕೀಬೋರ್ಡೇ ಕೆಟ್ಟಿದೆಯಾ?

ಉತ್ತರ: ಕೀಬೋರ್ಡ್ ಕೆಟ್ಟಿಲ್ಲ. ಎಕ್ಸೆಲ್ ಕೂಡ ಕೆಟ್ಟಿಲ್ಲ. ದಯವಿಟ್ಟು ಆಫೀಸನ್ನು ಮೂರನೇ ಸಲ ಹಾಕಿಸಬೇಡಿ, ಆಗಲೂ ಇದೇ ಕತೆ. ನಿಮ್ಮ ನಾಲ್ಕು ತೊಂದರೆಗಳೂ ನೋಡಲು ಒಂದೇ ಕಾಯಿಲೆಯ ಹಾಗೆ ಕಾಣುತ್ತವೆ. ಆದರೆ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಒಂದೊಂದನ್ನೂ ಸರಿಪಡಿಸಲು ಐದು ನಿಮಿಷ ಸಾಕು. ಯಾವುದು ಏನು ಅಂತ ಗೊತ್ತಾಗಬೇಕು, ಅಷ್ಟೇ.

ಮೊದಲು ಒಂದು ವಿಷಯ ಮನಸ್ಸಿಗೆ ಬರಲಿ. ನೀವು ಒತ್ತಿದ ಕೀ ನೇರವಾಗಿ ಎಕ್ಸೆಲ್‌ಗೆ ಹೋಗುವುದಿಲ್ಲ. ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಬಡಿಸುವವರು ಮೊದಲ ಎಲೆಯಿಂದ ಶುರು ಮಾಡುತ್ತಾರೆ. ನಿಮ್ಮ ಎಕ್ಸೆಲ್ ಕೂತಿರುವುದು ಕೊನೆಯ ಎಲೆಗೆ. ಅದಕ್ಕೂ ಮೊದಲು ಕೀಬೋರ್ಡಿನ ಒಳಗಿರುವ ಚಿಪ್ ಇದೆ. ಆಮೇಲೆ ವಿಂಡೋಸ್‌ನ ಭಾಷೆಯ ವ್ಯವಸ್ಥೆ ಇದೆ. ಅದರ ಜೊತೆಗೆ ಎಲ್ಲ ಕೀಗಳನ್ನೂ ಕದ್ದು ನೋಡುವ ಟೈಪಿಂಗ್ ತಂತ್ರಾಂಶಗಳು, ಸ್ಕ್ರೀನ್‌ಶಾಟ್ ತಂತ್ರಾಂಶಗಳು ಇವೆ. ಇವರಲ್ಲಿ ಯಾರಾದರೂ ‘ಇದು ನನ್ನದು’ ಅಂತ ಎತ್ತಿಕೊಂಡರೆ ಕೊನೆಯ ಎಲೆಗೆ ಏನೂ ಬರುವುದಿಲ್ಲ. ಯಾರು ಎತ್ತಿಕೊಂಡರು ಅಂತ ಎಕ್ಸೆಲ್‌ಗೂ ಗೊತ್ತಾಗುವುದಿಲ್ಲ. ಅದಕ್ಕೇ ಅದು ಯಾವ ತಪ್ಪು ಸಂದೇಶವನ್ನೂ ತೋರಿಸದೆ ಸುಮ್ನೆ ಕೂತಿರುತ್ತದೆ.

ಈಗ ಕಂಟ್ರೋಲ್-ಶಿಫ್ಟ್-0. ಒಂದು ಸಣ್ಣ ಪರೀಕ್ಷೆ ಮಾಡಿ. ಕಂಟ್ರೋಲ್-9 ಒತ್ತಿ ಒಂದು ಸಾಲನ್ನು ಮುಚ್ಚಿ. ಅದರ ಆಚೀಚೆಯ ಸಾಲುಗಳನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್-ಶಿಫ್ಟ್-9 ಒತ್ತಿ. ಸಾಲು ತೆರೆದುಕೊಳ್ಳುತ್ತದೆ. ಕಂಟ್ರೋಲ್-0 ಒತ್ತಿದರೆ ಕಾಲಂ ಮುಚ್ಚುವುದೂ ಸರಿಯಾಗಿ ಆಗುತ್ತದೆ. ಕೈಕೊಡುವುದು ಕಂಟ್ರೋಲ್-ಶಿಫ್ಟ್-0 ಒಂದೇ. ಕೀಬೋರ್ಡ್ ಕೆಟ್ಟಿದ್ದರೆ ಇಷ್ಟು ಲೆಕ್ಕಾಚಾರವಾಗಿ ಕೆಡುತ್ತಿತ್ತಾ?

ಇದನ್ನು ಎತ್ತಿಕೊಂಡಿರುವುದು ವಿಂಡೋಸ್‌ನ ಭಾಷೆ ಬದಲಿಸುವ ವ್ಯವಸ್ಥೆ. ಕಂಟ್ರೋಲ್-ಶಿಫ್ಟ್ ಜೊತೆಗೆ ಒಂದು ಅಂಕಿ ಒತ್ತಿ ಇಂಥ ಭಾಷೆಗೆ ನೇರವಾಗಿ ಹೋಗು ಅನ್ನುವ ಸೌಲಭ್ಯ ವಿಂಡೋಸ್‌ನಲ್ಲಿ ಬಹಳ ಹಿಂದಿನಿಂದ ಇದೆ. ಆ ಸೌಲಭ್ಯದ ಕಾಲಿಗೆ ಎಕ್ಸೆಲ್‌ನ ಈ ಶಾರ್ಟ್‌ಕಟ್ ಸಿಕ್ಕಿಹಾಕಿಕೊಂಡಿದೆ. ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಮೈಕ್ರೋಸಾಫ್ಟ್ ಕಂಪನಿಯೇ ಇದನ್ನು ಒಪ್ಪಿಕೊಂಡು ಪರಿಹಾರ ಕೊಟ್ಟಿದೆ.

ದಾರಿ ಹೀಗಿದೆ. ಸೆಟ್ಟಿಂಗ್ಸ್ ತೆರೆದು ಟೈಮ್ ಅಂಡ್ ಲಾಂಗ್ವೇಜ್‌ಗೆ ಹೋಗಿ. ಅಲ್ಲಿ ಟೈಪಿಂಗ್, ಅದರೊಳಗೆ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಅದರೊಳಗೆ ಇನ್‌ಪುಟ್ ಲಾಂಗ್ವೇಜ್ ಹಾಟ್ ಕೀಸ್. ಹಳೆಯ ಕಾಲದ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ‘ಬಿಟ್ವೀನ್ ಇನ್‌ಪುಟ್ ಲಾಂಗ್ವೇಜಸ್’ ಅನ್ನುವ ಸಾಲನ್ನು ಆರಿಸಿ, ‘ಚೇಂಜ್ ಕೀ ಸೀಕ್ವೆನ್ಸ್’ ಒತ್ತಿ. ಈಗ ಎರಡು ಭಾಗ ಕಾಣುತ್ತವೆ. ಒಂದು ಭಾಷೆ ಬದಲಿಸುವುದು, ಇನ್ನೊಂದು ಕೀಬೋರ್ಡ್ ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ, ಬದಲಿಸುವುದು. ಲೇಔಟ್ ಇರುವ ಭಾಗದಲ್ಲಿ ‘ನಾಟ್ ಅಸೈನ್ಡ್’ ಆರಿಸಿ ಓಕೆ ಕೊಡಿ. ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಸೈನ್ ಔಟ್ ಮಾಡದೆ ‘ಆಗಲಿಲ್ಲ ಸಾರ್’ ಅಂತ ಫೋನ್ ಮಾಡಿದವರು ಬಹಳ ಮಂದಿ.

ಇದರಲ್ಲಿ ಇನ್ನೊಂದು ಚಿಕ್ಕ ಮೋಸ ಇದೆ. 0 ಅಂದರೆ ಮೇಲಿನ ಸಾಲಿನ 0. ಬಲಬದಿಯ ನಂಬರ್ ಪ್ಯಾಡಿನ 0 ಅಲ್ಲ. ನಂಬರ್ ಪ್ಯಾಡಿನಲ್ಲಿ ಶಿಫ್ಟ್ ಸೇರಿಸಿದರೆ 0 ಹೋಗಿ ಇನ್ಸರ್ಟ್ ಕೀ ಆಗಿಬಿಡುತ್ತದೆ. ಲೆಕ್ಕದವರ ಕೈ ತಾನಾಗಿ ಆ ಕಡೆಗೇ ಹೋಗುತ್ತೆ, ಅಲ್ವಾ?

ಅವಸರವಿದ್ದರೆ ಇನ್ನೊಂದು ದಾರಿ ಇದೆ. ಆಲ್ಟ್ ಒತ್ತಿ ಬಿಡಿ. ಆಮೇಲೆ ಎಚ್, ಓ, ಯು, ಎಲ್ ಇವನ್ನು ಒಂದಾದ ಮೇಲೊಂದು ಒತ್ತಿ. ಕಾಲಂ ತೆರೆಯುತ್ತದೆ. ಇದು ಎಕ್ಸೆಲ್‌ನ ಮೆನುವಿನೊಳಗೆ ಒಂದೊಂದೇ ಮೆಟ್ಟಿಲು ನಡೆದ ಹಾಗೆ. ಯಾವ ಕೀಯನ್ನೂ ಕೂಡಿಸಿ ಹಿಡಿಯುವುದಿಲ್ಲ. ಹಾಗಾಗಿ ಮಧ್ಯದಲ್ಲಿ ಎತ್ತಿಕೊಳ್ಳಲು ಯಾರಿಗೂ ಅವಕಾಶ ಕಡಿಮೆ. ನನಗಂತೂ ಈಗ ಇದೇ ಅಭ್ಯಾಸವಾಗಿದೆ. ಆದರೆ ಕೀಬೋರ್ಡ್ ಕನ್ನಡದಲ್ಲಿ ಇದ್ದಾಗ ಈ ಅಕ್ಷರಗಳು ಎಡವಬಹುದು. ಇಂಗ್ಲಿಷ್‌ಗೆ ಬಂದು ಒತ್ತಿ.

ಈಗ ಹೇಳದೆ ಕೇಳದೆ ಕನ್ನಡ ಬರುವ ವಿಷಯ. ಇದೂ ಅದೇ ಕಿಟಕಿಯ ಕೂಸು. ಒಂದಕ್ಕಿಂತ ಜಾಸ್ತಿ ಭಾಷೆ ಸೇರಿಸಿದ ಕೂಡಲೇ ವಿಂಡೋಸ್ ಎಡಗಡೆಯ ಆಲ್ಟ್-ಶಿಫ್ಟ್ ಜೋಡಿಯನ್ನು ಭಾಷೆ ಬದಲಿಸಲು ಇಟ್ಟುಕೊಳ್ಳುತ್ತದೆ. ಒಂದೇ ಭಾಷೆ ಇದ್ದವರಿಗೆ ಈ ತೊಂದರೆ ಬರುವುದೇ ಇಲ್ಲ. ಬೆಂಗಳೂರಿನ ಕಂಪನಿಯ ಸಹಾಯವಾಣಿಯವರು ‘ನಮ್ಮಲ್ಲಿ ಸರಿ ಇದೆಯಲ್ಲ’ ಅನ್ನುವುದು ಇದಕ್ಕೇ. ಅವರ ಕಂಪ್ಯೂಟರಿನಲ್ಲಿ ಕನ್ನಡ ಇರುವುದಿಲ್ಲ!

ಎಕ್ಸೆಲ್‌ನಲ್ಲಿ ಸಾಲುಗಳನ್ನು ಗುಂಪು ಮಾಡಲು ಆಲ್ಟ್-ಶಿಫ್ಟ್-ಬಲಬಾಣ. ವರ್ಡ್‌ನಲ್ಲಿ ಒಂದು ಪ್ಯಾರಾವನ್ನು ಮೇಲೆ ಕೆಳಗೆ ಸರಿಸಲು ಆಲ್ಟ್-ಶಿಫ್ಟ್ ಜೊತೆ ಮೇಲಿನ ಕೆಳಗಿನ ಬಾಣ. ಇವನ್ನು ಬಳಸಲು ಎರಡು ಕೀ ಹಿಡಿದು, ಮನಸ್ಸು ಬದಲಿಸಿ ಬಿಟ್ಟರೂ ಸಾಕು, ಭಾಷೆ ಜಿಗಿದುಬಿಡುತ್ತದೆ. ಕೆಳಗಿನ ಪಟ್ಟಿಯಲ್ಲಿ ಇಂಗ್ಲಿಷ್ ಗುರುತು ಹೋಗಿ ಕನ್ನಡದ ಗುರುತು ಬಂದಿದ್ದು ಆ ಕ್ಷಣಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಹೇಳಿದ ಕಿಟಕಿಯಲ್ಲಿ ಭಾಷೆಯ ಭಾಗಕ್ಕೂ ‘ನಾಟ್ ಅಸೈನ್ಡ್’ ಕೊಟ್ಟುಬಿಡಿ. ಹೆದರಬೇಡಿ, ಭಾಷೆ ಬದಲಿಸಲು ವಿಂಡೋಸ್ ಕೀ ಮತ್ತು ಸ್ಪೇಸ್‌ಬಾರ್ ಆಗಲೂ ಕೆಲಸ ಮಾಡುತ್ತವೆ. ಅದು ತಪ್ಪಿ ಒತ್ತುವಂಥ ಜೋಡಿ ಅಲ್ಲ.

ಅದೇ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ಪುಟದಲ್ಲಿ ಪ್ರತಿ ಕಿಟಕಿಗೂ ಬೇರೆ ಭಾಷೆ ಇಟ್ಟುಕೊಳ್ಳುವ ಒಂದು ಟಿಕ್ ಇದೆ. ಅದನ್ನು ಹಾಕಿ. ವರ್ಡ್‌ನಲ್ಲಿ ನೋಟೀಸು ಕನ್ನಡದಲ್ಲಿ, ಎಕ್ಸೆಲ್ ಮತ್ತು ಲೆಕ್ಕದ ತಂತ್ರಾಂಶ ಟ್ಯಾಲಿ ಇಂಗ್ಲಿಷ್‌ನಲ್ಲಿ. ಯಾವ ಕಿಟಕಿಗೆ ಹೋದರೆ ಆ ಭಾಷೆ. ನಿಮ್ಮಂಥ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಇಲ್ಲಿ ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ನುಡಿಯೂ ಇದೆ, ವಿಂಡೋಸ್‌ನ ಕನ್ನಡವೂ ಇದೆ ಅಂದಿರಿ. ಎರಡನ್ನೂ ಒಟ್ಟಿಗೆ ಚಾಲೂ ಇಡಬೇಡಿ. ನುಡಿಯಂಥ ತಂತ್ರಾಂಶ ಕೆಳಗೆ ಇಂಗ್ಲಿಷ್ ಕೀಬೋರ್ಡ್ ಇದೆ ಅಂತ ನಂಬಿಕೊಂಡು, ನೀವು ಒತ್ತಿದ್ದನ್ನು ಕನ್ನಡ ಮಾಡಿ ಕೊಡುತ್ತದೆ. ಕೆಳಗೆ ವಿಂಡೋಸ್ ಕೂಡ ಕನ್ನಡದಲ್ಲೇ ಇದ್ದರೆ ಒಂದೇ ಕೀಗೆ ಇಬ್ಬರು ಕೈಹಾಕಿದ ಹಾಗೆ. ಅಕ್ಷರ ಕಲಸುಮೇಲೋಗರವಾಗುತ್ತದೆ, ಶಾರ್ಟ್‌ಕಟ್‌ಗಳು ಒಮ್ಮೆ ಬರುತ್ತವೆ, ಒಮ್ಮೆ ಬರುವುದಿಲ್ಲ. ಕೈ ಯಾವುದಕ್ಕೆ ಪಳಗಿದೆಯೋ ಅದೊಂದನ್ನು ಇಟ್ಟುಕೊಳ್ಳಿ. ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸಕ್ಕೆ ಪಳಗಿದ ಕೈ ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಹೋಗಲು ತಿಂಗಳುಗಟ್ಟಲೆ ಬೇಕು. ಅದಕ್ಕಾಗಿ ಸಂಬಳದ ಕೆಲಸ ಕೆಡಿಸಿಕೊಳ್ಳಬೇಡಿ. ಅಂದ ಹಾಗೆ, ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಕೀಬೋರ್ಡ್ ಪಟ್ಟಿ ತೆರೆದು ನೋಡಿ. ಹಿಂದಿ, ಸಂಸ್ಕೃತ, ಮರಾಠಿ, ತೆಲುಗು ಭಾಷೆಗಳ ಕೆಳಗೂ ‘ಕಗಪ’ ಅನ್ನುವ ಲೇಔಟ್ ಇದೆ. ಅದು ನುಡಿಯನ್ನು ರೂಪಿಸಿದ ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳು. ನನಗೆ ಇದನ್ನು ನೋಡಿದಾಗಲೆಲ್ಲ ಒಳಗೊಳಗೇ ಖುಷಿ.

ಬಾಣದ ಕೀ ಒತ್ತಿದರೆ ಹಾಳೆ ಸರಿಯುವುದಕ್ಕೆ ಕಾರಣ ಸ್ಕ್ರೋಲ್ ಲಾಕ್. ಈ ಕೀ ಇಂದು ಹೆಚ್ಚಿನ ತಂತ್ರಾಂಶಗಳಿಗೆ ಬೇಡದ ಕೂಸು. ಆದರೆ ಎಕ್ಸೆಲ್ ಇನ್ನೂ ಅದಕ್ಕೆ ಬೆಲೆ ಕೊಡುತ್ತದೆ. ಅದು ಆನ್ ಇದ್ದರೆ ಬಾಣ ಒತ್ತಿದಾಗ ಸೆಲ್ ಬದಲಾಗುವುದಿಲ್ಲ, ಹಾಳೆ ಜರುಗುತ್ತದೆ. ನುಡಿಯ ಹಳೆಯ ಆವೃತ್ತಿ ಬಳಸಿದವರಿಗೆ ಗೊತ್ತು, ಕನ್ನಡ-ಇಂಗ್ಲಿಷ್ ಬದಲಿಸಲು ಒತ್ತುತ್ತಿದ್ದದ್ದು ಇದೇ ಸ್ಕ್ರೋಲ್ ಲಾಕ್ ಕೀಯನ್ನು. ಆ ಅಭ್ಯಾಸ ಕೈಬಿಟ್ಟು ಹೋಗುವುದಿಲ್ಲ. ಹೊರಗಿನಿಂದ ಚುಚ್ಚಿದ ಕೀಬೋರ್ಡಿನಲ್ಲಿ ಗೊತ್ತಿಲ್ಲದೇ ಒತ್ತಿರುತ್ತೀರಿ, ಆಮೇಲೆ ಅದನ್ನು ತೆಗೆದಿಡುತ್ತೀರಿ. ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಆ ಕೀಯೇ ಇಲ್ಲ.

ವಿಂಡೋಸ್ ಕೀ, ಕಂಟ್ರೋಲ್ ಮತ್ತು ಓ ಅಕ್ಷರ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಒಂದು ಕೀಬೋರ್ಡ್ ಬರುತ್ತದೆ. ಅದರಲ್ಲಿ ಸ್ಕ್ರೋಲ್ ಲಾಕ್ ಹುಡುಕಿ ಒಮ್ಮೆ ಕ್ಲಿಕ್ ಮಾಡಿ. ಮುಗಿಯಿತು. ಎಕ್ಸೆಲ್‌ನ ಕೆಳಗಿನ ಪಟ್ಟಿಯಲ್ಲಿ ‘ಸ್ಕ್ರೋಲ್ ಲಾಕ್’ ಅಂತ ಕಾಣುತ್ತಿದ್ದರೆ ಅದು ಆನ್ ಇದೆ ಅಂತ ಅರ್ಥ. ಕಾಣದಿದ್ದರೆ ಆ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದರ ಟಿಕ್ ಹಾಕಿಕೊಳ್ಳಿ.

ಎಫ್2 ಕತೆ ಸುಲಭ. ಇದು ವಿಂಡೋಸ್‌ವರೆಗೂ ಹೋಗುವುದಿಲ್ಲ, ಲ್ಯಾಪ್‌ಟಾಪ್ ಮಟ್ಟದಲ್ಲೇ ಮುಗಿಯುತ್ತದೆ. ಈಗಿನ ಲ್ಯಾಪ್‌ಟಾಪ್ ಮಾಡುವವರು ಮೇಲಿನ ಸಾಲನ್ನು ಮೊದಲು ಸೌಂಡ್, ಬೆಳಕು ಇಂಥವಕ್ಕೆ ಕೊಟ್ಟಿರುತ್ತಾರೆ. ಎಫ್‌ಎನ್ (Fn) ಅನ್ನುವ ಕೀ ಹಿಡಿದು ಒತ್ತಿದರೆ ಮಾತ್ರ ಅದು ನಿಜವಾದ ಎಫ್2. ಸಿನಿಮಾ ನೋಡುವವರಿಗೆ ಒಳ್ಳೆಯದು, ಲೆಕ್ಕ ಬರೆಯುವವರಿಗೆ ಕಿರಿಕಿರಿ. ಟ್ಯಾಲಿಯಲ್ಲಿ ದಿನಾಂಕಕ್ಕೆ ಎಫ್2, ಪೇಮೆಂಟ್‌ಗೆ ಎಫ್5, ರಸೀದಿಗೆ ಎಫ್6, ಜರ್ನಲ್‌ಗೆ ಎಫ್7. ಎಲ್ಲಕ್ಕೂ ಎಫ್‌ಎನ್ ಹಿಡಿದರೆ ಸಂಜೆಗೆ ಕಿರುಬೆರಳು ಸೋತಿರುತ್ತದೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಇದು ಅದಲುಬದಲಾಗುತ್ತದೆ. ಎಸ್ಕೇಪ್ ಕೀಯ ಮೇಲೆ ಪುಟ್ಟ ಬೀಗದ ಚಿತ್ರ ಇದ್ದರೆ ಅದೇ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಆನ್ ಆಗುವಾಗ ಬರುವ ಬಯೋಸ್ ಸೆಟ್ಟಿಂಗಿನಲ್ಲಿ ಬದಲಿಸಬೇಕು. ಅದನ್ನು ಗೊತ್ತಿರುವವರ ಕೈಲಿ ಮಾಡಿಸಿ.

ನೀವು ಕೇಳಿದ್ದು ಇಷ್ಟೇ. ಆದರೆ ನಾಳೆ ಇನ್ನೊಂದು ಶಾರ್ಟ್‌ಕಟ್ ಕೈಕೊಟ್ಟಾಗ ಮತ್ತೆ ಆಫೀಸ್ ತೆಗೆಯಬಾರದಲ್ಲ. ಅದಕ್ಕೆ ನಾನು ಹೇಗೆ ಹುಡುಕುತ್ತೇನೆ ಅಂತ ಹೇಳುತ್ತೇನೆ.

ಮೊದಲು ಮೌಸ್ ಹಿಡಿಯುತ್ತೇನೆ. ಅದೇ ಕೆಲಸವನ್ನು ಮೆನುವಿನಿಂದ ಮಾಡಿ ನೋಡುತ್ತೇನೆ. ಮೆನುವಿನಲ್ಲೇ ಅದು ಮಸುಕಾಗಿ, ಒತ್ತಲು ಬಾರದ ಹಾಗಿದ್ದರೆ ತಪ್ಪು ಶಾರ್ಟ್‌ಕಟ್‌ನದ್ದಲ್ಲ. ಹಾಳೆಗೆ ಪಾಸ್‌ವರ್ಡ್ ಹಾಕಿ ಭದ್ರ ಮಾಡಿರಬಹುದು. ಅಥವಾ ನೀವು ಸೆಲ್ ಒಳಗೆ ಬರೆಯುತ್ತಾ ಇರಬಹುದು. ಎಕ್ಸೆಲ್‌ನ ಎಡಗಡೆ ಕೆಳಮೂಲೆಯಲ್ಲಿ ‘ರೆಡಿ’ ಅಂತ ಇರಬೇಕು. ‘ಎಂಟರ್’ ಅಥವಾ ‘ಎಡಿಟ್’ ಅಂತ ಇದ್ದರೆ ಅರ್ಧಕ್ಕರ್ಧ ಶಾರ್ಟ್‌ಕಟ್‌ಗಳು ನಿದ್ದೆ ಮಾಡುತ್ತಿರುತ್ತವೆ. ಎಸ್ಕೇಪ್ ಒತ್ತಿ ಹೊರಗೆ ಬಂದರೆ ಆಯ್ತು. ಫೋಟೋಶಾಪಿನವರಿಗೂ ಇದೇ ತಾಪತ್ರಯ. ಅಕ್ಷರ ಬರೆಯುವ ಜಾಗದಲ್ಲಿ ಕರ್ಸರ್ ಇರುತ್ತದೆ, ಬ್ರಷ್ ಬೇಕು ಅಂತ ಬಿ ಒತ್ತುತ್ತಾರೆ, ಮದುವೆ ಪತ್ರಿಕೆಯ ಮಧ್ಯದಲ್ಲಿ ಒಂದು ಬಿ ಮೂಡುತ್ತದೆ.

ಮೆನುವಿನಿಂದ ಆಯ್ತು, ಕೀಯಿಂದ ಮಾತ್ರ ಆಗಲಿಲ್ಲ ಅಂದರೆ ಆಗ ದಾರಿ ಹುಡುಕಬೇಕು. ಪರದೆಯ ಕೀಬೋರ್ಡ್ ತೆರೆದಿಟ್ಟು ಕೈಯಿಂದ ಕೀ ಒತ್ತುತ್ತೇನೆ. ಒತ್ತಿದ ಕೀ ಅಲ್ಲಿ ಬೆಳಗಿದರೆ ಅದು ವಿಂಡೋಸ್‌ಗೆ ಬಂದಿದೆ. ಬೆಳಗದಿದ್ದರೆ ಕೀಬೋರ್ಡಿನ ಮಟ್ಟದಲ್ಲೇ ನಿಂತಿದೆ. ಅಗ್ಗದ ಕೀಬೋರ್ಡ್‌ಗಳಲ್ಲಿ ಕೆಲವು ಮೂರು ಕೀಗಳ ಜೋಡಿ ಒಟ್ಟಿಗೆ ಗೊತ್ತಾಗುವುದೇ ಇಲ್ಲ. ಎರಡು ಹಿಡಿದ ಮೇಲೆ ಮೂರನೆಯದಕ್ಕೆ ಅದು ಕುರುಡು. ಎಡಗಡೆಯ ಶಿಫ್ಟ್ ಬದಲು ಬಲಗಡೆಯದ್ದು ಹಿಡಿದರೆ ಕೆಲವು ಸಲ ಸರಿಹೋಗುತ್ತದೆ.

ಆಮೇಲೆ ಟಾಸ್ಕ್‌ಬಾರಿನ ಬಲತುದಿಯಲ್ಲಿ ಗಡಿಯಾರದ ಪಕ್ಕ ಸಾಲಾಗಿ ಕೂತಿರುವ ಚಿಕ್ಕ ಐಕಾನ್‌ಗಳನ್ನು ನೋಡುತ್ತೇನೆ. ಸಾಮಾನ್ಯವಾಗಿ ಕಳ್ಳ ಅಲ್ಲೇ ಇರುತ್ತಾನೆ. ಸ್ಕ್ರೀನ್‌ಶಾಟ್ ತೆಗೆಯುವುದು, ಗ್ರಾಫಿಕ್ಸ್ ಕಾರ್ಡಿನದ್ದು, ಪರದೆ ಹಂಚಿಕೊಳ್ಳುವುದು, ಟೈಪಿಂಗಿನದ್ದು. ವಿಂಡೋಸ್‌ನಲ್ಲಿ ಒಂದು ತಂತ್ರಾಂಶ ‘ಈ ಜೋಡಿ ನನ್ನದು’ ಅಂತ ನೋಂದಾಯಿಸಿಕೊಂಡರೆ ಬೇರೆಯದಕ್ಕೆ ಅದನ್ನು ಕೊಡುವುದಿಲ್ಲ. ಯಾರು ಮೊದಲು ಬಂದರೋ ಅವರಿಗೆ. ಈಗ ಯೋಚನೆ ಮಾಡಿ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಎರಡರಲ್ಲಿ ಯಾವುದು ಮೊದಲು ಎದ್ದಿತು ಅನ್ನುವುದರ ಮೇಲೆ ಆ ದಿನದ ಶಾರ್ಟ್‌ಕಟ್ ನಿಂತಿದೆ. ‘ನಿನ್ನೆ ಬರ್ತಿತ್ತು ಸಾರ್, ಇವತ್ತು ಬರ್ತಿಲ್ಲ’ ಅನ್ನುವ ದೂರಿಗೆ ಬಹಳ ಸಲ ಇದೇ ಉತ್ತರ. ಐಕಾನ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗಿ, ಪ್ರತಿ ಸಲ ಕೀ ಒತ್ತಿ ನೋಡಿ. ಯಾವುದು ಮುಚ್ಚಿದಾಗ ಜೀವ ಬಂತೋ ಅದರ ಸೆಟ್ಟಿಂಗಿಗೆ ಹೋಗಿ ಆ ಜೋಡಿಯನ್ನು ಬದಲಿಸಿ.

ಕಂಟ್ರೋಲ್-ಆಲ್ಟ್ ಸೇರಿದ ಜೋಡಿಗಳ ಮೇಲೆ ವಿಶೇಷ ಅನುಮಾನ ಇರಲಿ. ಡೆಸ್ಕ್‌ಟಾಪಿನ ಮೇಲಿನ ಶಾರ್ಟ್‌ಕಟ್ ಐಕಾನಿಗೆ ಪ್ರಾಪರ್ಟೀಸ್‌ನಲ್ಲಿ ಒಂದು ಶಾರ್ಟ್‌ಕಟ್ ಕೀ ಕೊಡಬಹುದು. ಅದು ಸಾಮಾನ್ಯವಾಗಿ ಕಂಟ್ರೋಲ್-ಆಲ್ಟ್‌ನಿಂದ ಶುರುವಾಗುತ್ತದೆ. ನಿಮಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರು ಕೊಟ್ಟು ಹೋಗಿರಬಹುದು. ಇನ್ನೊಂದು ಏನೆಂದರೆ, ಇಂಗ್ಲಿಷ್ ಇಂಡಿಯಾದಂಥ ಲೇಔಟ್‌ಗಳಲ್ಲಿ ವಿಂಡೋಸ್‌ಗೆ ಬಲಗಡೆಯ ಆಲ್ಟ್ (ಆಲ್ಟ್-ಜಿಆರ್) ಅಂದರೂ ಕಂಟ್ರೋಲ್-ಆಲ್ಟ್ ಅಂದರೂ ಒಂದೇ. ಇಂಗ್ಲಿಷ್ ಇಂಡಿಯಾ ಲೇಔಟಿನಲ್ಲಿ ಕಂಟ್ರೋಲ್-ಆಲ್ಟ್-4 ಒತ್ತಿದರೆ ₹ ಮೂಡುತ್ತದೆ. ಯಾವುದೋ ತಂತ್ರಾಂಶದಲ್ಲಿ ಅದೇ ಜೋಡಿಗೆ ಬೇರೆ ಕೆಲಸ ಇದ್ದರೆ ಜಗಳ ಗ್ಯಾರಂಟಿ.

ಕೀಗಳು ಮೆತ್ತಗಾಗಿ, ಗಟ್ಟಿಯಾಗಿ ಒತ್ತಿ ಹಿಡಿದರೆ ಮಾತ್ರ ಅಕ್ಷರ ಬರುತ್ತಿದೆಯಾ? ಅದು ಫಿಲ್ಟರ್ ಕೀಸ್. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಹಿಡಿದರೆ ವಿಂಡೋಸ್ ಅದನ್ನು ಆನ್ ಮಾಡಲೇ ಅಂತ ಕೇಳುತ್ತದೆ. ಕನ್ನಡ ಟೈಪ್ ಮಾಡುವವರಿಗೆ ಶಿಫ್ಟ್ ಜಾಸ್ತಿ ಬೇಕು. ಮುಂದಿನ ಪದ ಯೋಚಿಸುತ್ತಾ ಬೆರಳು ಶಿಫ್ಟ್ ಮೇಲೆ ಇಟ್ಟು ಕೂತರೆ ಎಂಟು ಸೆಕೆಂಡ್ ಏನು ದೊಡ್ಡದು? ಓದದೆ ಎಂಟರ್ ಒತ್ತಿದರೆ ಅದು ಆನ್. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ತೆರೆದು ಆಫ್ ಮಾಡಿ, ಆ ಕೇಳುವ ಅಭ್ಯಾಸವನ್ನೂ ಆಫ್ ಮಾಡಿ.

ಒಂದು ತಂತ್ರಾಂಶದಲ್ಲಿ ಮಾತ್ರ ಕನ್ನಡ ಮೂಡುತ್ತಿಲ್ಲ, ಉಳಿದ ಎಲ್ಲ ಕಡೆ ಸರಿ ಅನ್ನುವುದೂ ನಮ್ಮಲ್ಲಿ ಸಾಮಾನ್ಯ. ಆ ತಂತ್ರಾಂಶವನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ತೆರೆದಿದ್ದೀರಾ ನೋಡಿ. ಹಾಗೆ ತೆರೆದ ಕಿಟಕಿಯ ಕೀಗಳನ್ನು ಸಾಧಾರಣ ಹಕ್ಕಿನ ತಂತ್ರಾಂಶ ಮುಟ್ಟದಂತೆ ವಿಂಡೋಸ್ ತಡೆಯುತ್ತದೆ. ಭದ್ರತೆಗೆ ಅದು ಬೇಕು. ಎರಡನ್ನೂ ಒಂದೇ ಮಟ್ಟದಲ್ಲಿ ತೆರೆಯಿರಿ. ಸಾಧ್ಯವಾದರೆ ಎರಡನ್ನೂ ಸಾಧಾರಣವಾಗಿಯೇ.

ಕಂಟ್ರೋಲ್-ಎಫ್ ಬಗ್ಗೆಯೂ ಇದೇ ಥರ ದೂರು ಬರುತ್ತದೆ. ಹುಡುಕುವ ಕಿಟಕಿ ತೆರೆಯುತ್ತದೆ, ಕಣ್ಣೆದುರಿಗೇ ‘ಸಾಲಗಾರರು’ ಅನ್ನುವ ಪದ ಇದೆ, ಆದರೂ ಸಿಗಲಿಲ್ಲ ಅನ್ನುತ್ತದೆ. ಅಲ್ಲಿ ಕೀ ಸರಿಯಾಗಿಯೇ ಇದೆ. ಕಡತ ಹಳೆಯ ನುಡಿ ಫಾಂಟಿನಲ್ಲಿದೆ, ನೀವು ಹುಡುಕುತ್ತಿರುವುದು ಯೂನಿಕೋಡಿನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಈಗಿನ ಸಾಮಾನ್ಯ ಸಂಕೇತದಲ್ಲಿ. ಕಣ್ಣಿಗೆ ಎರಡೂ ಕನ್ನಡ. ಕಂಪ್ಯೂಟರಿಗೆ ಮೊದಲನೆಯದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದೇ ಒಳ್ಳೆಯ ಉಪಾಯ.

ನಾನೂ ಮೂರ್ಖನಾದದ್ದುಂಟು. ಒಂದು ಕಚೇರಿಯಲ್ಲಿ ಏನು ಒತ್ತಿದರೂ ಶಾರ್ಟ್‌ಕಟ್ ಆಗುತ್ತಿತ್ತು. ಎಸ್ ಒತ್ತಿದರೆ ಸೇವ್, ಪಿ ಒತ್ತಿದರೆ ಪ್ರಿಂಟ್. ಅರ್ಧ ದಿನ ಡ್ರೈವರ್, ವೈರಸ್ ಅಂತ ಹುಡುಕಿದೆ. ಊಟಕ್ಕೆ ಎದ್ದಾಗ ಯಾರೋ ಮೇಜಿನ ಡ್ರಾಯರ್ ಎಳೆದರು. ಒಳಗೆ ಅದೇ ಕಂಪ್ಯೂಟರಿನ ಹಳೆಯ ವೈರ್‌ಲೆಸ್ ಕೀಬೋರ್ಡ್. ಅದರ ಮೇಲೆ ರಸೀದಿ ಪುಸ್ತಕದ ಕಟ್ಟು. ಕಟ್ಟಿನ ಮೂಲೆ ಕಂಟ್ರೋಲ್ ಕೀಯ ಮೇಲೆ ಸರಿಯಾಗಿ ಕೂತಿತ್ತು. ಅಂದಿನಿಂದ ನಾನು ಮೊದಲು ಡ್ರಾಯರ್ ನೋಡುತ್ತೇನೆ.

ಇಷ್ಟೆಲ್ಲ ಮಾಡಿಯೂ ಬಗೆಹರಿಯದಿದ್ದರೆ ವಿಂಡೋಸ್‌ನಲ್ಲಿ ಹೊಸದೊಂದು ಯೂಸರ್ ಖಾತೆ ಮಾಡಿ ಅದರಲ್ಲಿ ಒತ್ತಿ ನೋಡಿ. ಅಲ್ಲಿ ಸರಿ ಬಂದರೆ ತೊಂದರೆ ನಿಮ್ಮ ಖಾತೆಯ ಸೆಟ್ಟಿಂಗ್‌ಗಳಲ್ಲಿದೆ, ಯಂತ್ರದಲ್ಲಿ ಅಲ್ಲ. ವರ್ಡ್ ಅಥವಾ ಎಕ್ಸೆಲ್ ಮೇಲೆ ಅನುಮಾನ ಇದ್ದರೆ ಕಂಟ್ರೋಲ್ ಹಿಡಿದುಕೊಂಡೇ ಅದರ ಐಕಾನ್ ಒತ್ತಿ. ಸೇಫ್ ಮೋಡ್‌ನಲ್ಲಿ ತೆರೆಯಲೇ ಅಂತ ಕೇಳುತ್ತದೆ. ಹೌದು ಅನ್ನಿ. ಅದರಲ್ಲಿ ಆಡ್-ಇನ್‌ಗಳು, ಅಂದರೆ ಹೊರಗಿನಿಂದ ಸೇರಿಸಿದ ಪುಟ್ಟ ತಂತ್ರಾಂಶಗಳು, ಇರುವುದಿಲ್ಲ. ಅಲ್ಲಿ ಶಾರ್ಟ್‌ಕಟ್ ಬಂದರೆ ಯಾವುದೋ ಆಡ್-ಇನ್ ಅದನ್ನು ಎತ್ತಿಕೊಂಡಿದೆ.

ಟ್ಯಾಲಿಯಲ್ಲಿ ಕಂಟ್ರೋಲ್-ಎ ಒತ್ತಿದರೆ ಎಲ್ಲ ಸೆಲೆಕ್ಟ್ ಆಗುತ್ತಿಲ್ಲ ಅಂತ ಮಾತ್ರ ಇನ್ನೊಂದು ಪ್ರಶ್ನೆ ಕಳಿಸಬೇಡಿ. ಅಲ್ಲಿ ಅದು ವೋಚರನ್ನು ಒಪ್ಪಿ ಸೇವ್ ಮಾಡುವ ಕೀ. ಅಭ್ಯಾಸಬಲದಿಂದ ಒತ್ತಿ, ಅರ್ಧ ಬರೆದ ವೋಚರ್ ಸೇವ್ ಆಗಿದ್ದರೆ ಇವತ್ತಿನ ಡೇ ಬುಕ್ ಒಮ್ಮೆ ತೆರೆದು ನೋಡಿ.